ಅಪ್‌ಡೇಟ್: ಓಟಿಎಫ್ ಚಾಕುವನ್ನು ಕೊನೆಗೂ ಕೊಂಡೆ

ಗುಂಡಿ ಜಾರಿಸಿದೊಡನೆ ಅಲಗು ಹಿಡಿಯ ತುದಿಯಿಂದ ನೇರವಾಗಿ ಚಿಮ್ಮುವ ಓಟಿಎಫ್ (ಔಟ್ ದ ಫ್ರಂಟ್) ಚಾಕುಗಳಲ್ಲಿ ದಿನವೂ ಜೇಬಿನಲ್ಲಿಡಲು ಯಾವುದು ಸೂಕ್ತವೆಂದು ಎರಡು ತಿಂಗಳ ಹಿಂದೆ ಟೆಕ್ಸಾಸ್‌ನ ಆಸ್ಟಿನ್ ನಗರದಿಂದ ಇಲ್ಲಿ ಕೇಳಿದ್ದೆ. ಮೈಕ್ರೋಟೆಕ್ ಕಂಪನಿಯ ಅಲ್ಟ್ರಾಟೆಕ್ ಮತ್ತು ಅದಕ್ಕಿಂತ ಚಿಕ್ಕದಾದ ಯುಟಿಎಕ್ಸ್-85 ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, ಪಾರ್ಸೆಲ್ ಬಿಚ್ಚುವುದಕ್ಕೆ ಸುಮಾರು 3 ಅಂಗುಲದ ಅಲಗೇ ಧಾರಾಳವೆನಿಸಿದ್ದರಿಂದ ಚಿಕ್ಕದನ್ನೇ ಕೊಂಡೆ.

ಟೆಕ್ಸಾಸ್‌ನಲ್ಲಿ ಇಂಥ ಚಾಕುಗಳ ಮೇಲಿನ ನಿಷೇಧ 2013ರಲ್ಲೇ ತೆರವಾಗಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ 2 ಅಂಗುಲ ಅಥವಾ ಅದಕ್ಕಿಂತ ಉದ್ದದ ಅಲಗಿನ ಸ್ವಯಂಚಾಲಿತ ಚಾಕುವನ್ನು ಜೇಬಿನಲ್ಲಿ ಒಯ್ಯುವಂತಿಲ್ಲವಾದ್ದರಿಂದ, ಅಕ್ಕನ ಮನೆಗೆ ಹೋಗುವಾಗ ಇದು ಇಲ್ಲಿಯೇ ಉಳಿಯುತ್ತದೆ.

ಮೂರನೆಯ ವಾರದಲ್ಲಿ ಅಲಗು ಅರ್ಧದಲ್ಲೇ ನಿಂತಾಗ ಸ್ಪ್ರಿಂಗ್ ಮುರಿಯಿತೆಂದು ಗಾಬರಿಯಾದೆ. ನಿಜವಾಗಿ, ಹೊರಹಾಕುವುದಕ್ಕೂ ಒಳಸೆಳೆಯುವುದಕ್ಕೂ ಒಂದೇ ಗುಂಡಿಯಿರುವ ಈ ಬಗೆಯಲ್ಲಿ ಸ್ಪ್ರಿಂಗ್ ಬಿಗಿಯಾಗುವುದು ನಾವು ಗುಂಡಿ ತಳ್ಳಿದಾಗ ಮಾತ್ರ. ಉಳಿದ ದೂರವನ್ನು ಅಲಗು ಕೇವಲ ವೇಗದಿಂದ ಕ್ರಮಿಸುವುದರಿಂದ, ದಾರಿಯಲ್ಲಿ ಜೇಬಿನ ನೂಲೆಳೆ ಅಡ್ಡ ಬಂದರೂ ಸಾಕು, ಅದು ಕೊಂಡಿಗೆ ಸಿಗದೆ ನಿಲ್ಲುತ್ತದೆ. ಚಪ್ಪಟೆ ಬದಿಗಳನ್ನು ಹಿಡಿದು ಜಾಗ್ರತೆಯಿಂದ ಪೂರ್ತಿ ಎಳೆದಾಗ ಕಟ್ಟೆಂದು ಕೂತಿತು. ಬಳಿಕ ಒತ್ತಡದ ಗಾಳಿ ಊದಿ, ಒಂದು ಹನಿ ತೆಳು ಎಣ್ಣೆ ಬಿಟ್ಟೆ. ಅಲಗಿನಲ್ಲಿ ತುಸು ಅಲುಗಾಟವಿದೆ. ಒಳಗೆ ಜಾರಬೇಕಾದ ವಸ್ತುವಿಗೆ ಅದು ಸಹಜವೇ.

ಮಾವಿನಹಣ್ಣು ಹೆಚ್ಚಲು ಮಾತ್ರ ಬಳಸಬೇಡಿ. ರಸ ಒಳಗಿಳಿದರೆ ತೊಳೆಯುವುದು ದೊಡ್ಡ ರಗಳೆ, ಅನುಭವದಿಂದಲೇ ಹೇಳುತ್ತಿದ್ದೇನೆ.