ಒಂಬತ್ ತಿಂಗಳ ಕೂಸು ರಾತ್ರಿ ಹನ್ನೊಂದಾದ್ರೂ ಮಲಗವಲ್ದು, ಏನ್ ಮಾಡ್ಲಿ?

ಉಣಕಲ್ ತಾಯಿ:

ಎಲ್ಲಾರಿಗೂ ನಮಸ್ಕಾರ್ರಿ. ನಾವ್ ಹುಬ್ಬಳ್ಳ್ಯಾಗ ಉಣಕಲ್ ಕಡೆ ಇರ್ತೀವಿ, ಮಗಳಿಗೆ ಈಗ ಒಂಬತ್ ತಿಂಗಳು. ಆರ್ ತಿಂಗಳ ರಜಾ ಮುಗದಮ್ಯಾಲೆ ಧಾರವಾಡಕ್ಕ ಕೆಲಸಕ್ಕ ಹೋಗಾಕತ್ತೇನಿ, ಮುಂಜಾನೆ ಚಿಗರಿ ಬಸ್ ಹತ್ತಿದ್ರ ಸಂಜಿಗೆ ಮನಿ ಮುಟ್ಟೋದು ಆರೂವರಿ. ಹಗಲೆಲ್ಲಾ ಕೂಸು ಅತ್ತಿ ಹತ್ರ ಇರ್ತೈತಿ. ನಮ್ಮ ಮನಿಯವರು ದುರ್ಗದ ಬೈಲಿನ ಅಂಗಡಿ ಮುಚ್ಚಿ ಬರೂದ್ರಾಗ ಒಂಬತ್ತೂವರಿ ಆಕ್ಕೈತಿ, ಬಂದಕೂಡ್ಲೇ ಮಗಳನ್ನ ಎತ್ತಿ ಎತ್ತಿ ಆಡಸ್ತಾರ, ಟಿವಿ ಹಚ್ಚಿರ್ತೈತಿ, ಹತ್ ಗಂಟಿಗೆ ಎಲ್ಲಾರ್ದೂ ಊಟ, ಆಮ್ಯಾಲೆ ಹನ್ನೊಂದರ ತನಕ ಅಕಿ ಕಣ್ಣ ಮುಚ್ಚಂಗಿಲ್ಲ.

ಮಲಗಿದ್ರೂ ಹಾಲ್ ಕುಡಕೋತನ ಮಲಗಬೇಕು, ಇಲ್ಲಾ ಸೀರಿ ಜೋಲ್ಯಾಗ ಹಾಕಿ ತೂಗಬೇಕು. ಹಾಸಿಗಿ ಮ್ಯಾಲೆ ಇಟ್ಟಕೂಡ್ಲೇ ಎಚ್ಚರ. ರಾತ್ರಿ ಐದಾರ್ ಸಲ ಏಳ್ತಾಳ, ಪ್ರತಿ ಸಲ ಅದೇ ಹಾಲು ಅದೇ ಜೋಲಿ. ನಿನ್ನೆ ಬಸ್ಸಿನಾಗ ನಿಂತಲ್ಲೇ ನನಗ ನಿದ್ದಿ ಹತ್ತಿ ಸ್ಟಾಪ್ ದಾಟಿ ಹೋದೆ. ಅತ್ತಿ ಜಾಯಿಕಾಯಿ ತೇದು ನೆಕ್ಕಸೋಣು ಅಂತಾರ, ಬಾಜೂ ಮನ್ಯಾಕಿ ನೆಗಡಿ ಸಿರಪ್ ಅರ್ಧಾ ಚಮಚಾ ಹಾಕ್ರಿ ಮುಂಜಾನೆ ತನಕ ಏಳಂಗಿಲ್ಲ ಅಂದ್ಲು. ಆಫೀಸಿನಾಗ ಒಬ್ರು ಮೂರ್ ದಿನ ಅಳಾಕ ಬಿಡ್ರಿ ಅಂದ್ರು, ನನ್ನ ಕೈಲಿ ಆಗಂಗಿಲ್ರಿ. ಯಾರಿಗರೆ ಅನುಭವ ಇದ್ರ ದಯಮಾಡಿ ಹೇಳ್ರಿ.

ಧಾರವಾಡ ಸಿಸ್ಟರ್:

ಅಕ್ಕಾರ, ನಾನು ಮಕ್ಕಳ ವಾರ್ಡಿನಾಗ ನರ್ಸ್ ಇದ್ದೀನಿ, ಮೊದ್ಲ ಅದ ಸಿರಪ್ ಮಾತು. ದಯವಿಟ್ಟು ಹಾಕಬ್ಯಾಡ್ರಿ. ಕ್ಲೋರ್‌ಫೆನಿರಮೈನ್, ಫೀನೈಲೆಫ್ರಿನ್ ಎರಡೂ ಕೂಡಿಸಿದ ನೆಗಡಿ ಔಷಧಾ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರ್ದು ಅಂತ ಬಾಟ್ಲಿ ಮ್ಯಾಲೆ ಬರೀಬೇಕು ಅಂತ 2023ರಾಗ ಕೇಂದ್ರದ ಔಷಧ ನಿಯಂತ್ರಣದವ್ರೇ ಹೇಳ್ಯಾರ. ಅದರಿಂದ ಬರೋದು ನಿದ್ದಿ ಅಲ್ಲ, ಮಂಪರು, ಸಣ್ಣ ಕೂಸಿನ ಉಸಿರಿಗೇ ತ್ರಾಸ ಆಗಬಹುದು. ಜಾಯಿಕಾಯಿನೂ ಹಂಗ, ಸಾಣಿಕಲ್ಲಿನ ಮ್ಯಾಲೆ ಎಷ್ಟ್ ತೇದ್ವಿ ಅನ್ನೋ ಲೆಕ್ಕ ಯಾರಿಗೂ ಇರೂದಿಲ್ಲ, ಜಾಸ್ತಿ ಆದ್ರ ಎದಿ ಬಡಿತ ಏರ್ತದ. ಅತ್ತ್ಯಾರಿಗೆ ಸಿಟ್ಟಿನಿಂದ ಹೇಳಬ್ಯಾಡ್ರಿ, ಅವ್ರೂ ಕೂಸಿನ ಸಂಕಟ ನೋಡಲಾರದಕ್ಕ ಹೇಳ್ತಿರ್ತಾರ. ಮತ್ತ ಜೇನುತುಪ್ಪ ಒಂದ್ ವರ್ಷ ತುಂಬೋ ತನಕ ಒಂದ್ ಹನಿನೂ ಬ್ಯಾಡ.

ಈಗ ನಿದ್ದಿ ಬಗ್ಗೆ. ರಾತ್ರಿ ಏಳೋದು ರೋಗ ಅಲ್ಲ. ಈ ವಯಸ್ಸಿನ ಮಕ್ಕಳ ನಿದ್ದಿ ಸುಮಾರು 50-60 ನಿಮಿಷಕ್ಕೊಮ್ಮೆ ಹಗುರ ಆಗ್ತದ, ನಾವೂ ರಾತ್ರಿ ಎಷ್ಟೋ ಸಲ ಎಚ್ಚರಾಗಿ ಮಗ್ಗಲಾ ಬದಲಿಸಿ ಮತ್ತ ಮಲಗ್ತೀವಿ, ಮುಂಜಾನೆ ನೆನಪಿರೂದಿಲ್ಲ. ನಿಮ್ಮ ಮಗಳಿಗೆ ಆಗೋದು ಏನಂದ್ರ ಅಕಿ ಕಣ್ಣ ಮುಚ್ಚೋದು ನಿಮ್ಮ ಎದಿ ಮ್ಯಾಲೆ, ಕಣ್ಣ ತೆಗದಾಗ ಇರೋದು ಬ್ಯಾರೆ ಕಡೆ. ನೀವು ಪಡಸಾಲ್ಯಾಗ ಮಲಗಿ ಹೊರಗ ಕಟ್ಟಿ ಮ್ಯಾಲೆ ಎಚ್ಚರಾದ್ರ ಹೌಹಾರೂದಿಲ್ಲೇನು? ನಿದ್ದಿ ಹತ್ತೋ ಹೊತ್ತಿಗೆ ಏನ್ ಇತ್ತೋ ಅದನ್ನ ಅಕಿ ಪ್ರತಿ ಸಲ ಎದ್ದಾಗ ಹುಡುಕ್ತಾಳ. ಅದಕ್ಕ ಹಾಲು ಮೊದ್ಲ, ಬೆಳಕಿನ ಖೋಲ್ಯಾಗ, ನಿದ್ದಿಗಿಂತ ಒಂದ್ ಅರ್ಧಾ ತಾಸ್ ಮುಂಚೆ ಕುಡಸ್ರಿ. ಆಮ್ಯಾಲೆ ಬೆಚ್ಚನ್ ನೀರಾಗ ಮೈ ಒರಸಿ, ಬಟ್ಟಿ ಬದ್ಲಿಸಿ, ಕತ್ತಲ ಖೋಲ್ಯಾಗ ಹೆಗಲ ಮ್ಯಾಲೆ ಹಾಕ್ಕೊಂಡು ಒಂದ್ ಹಾಡು, ಕಣ್ಣು ಎಳೀಲಿಕತ್ತಾಗ, ಇನ್ನೂ ಪೂರಾ ನಿದ್ದಿ ಹತ್ತಿರಬಾರ್ದು, ಆಗ ಹಾಸಿಗಿ ಮ್ಯಾಲೆ ಇಟ್ಟು ಅಲ್ಲೇ ಕೂತು ತಟ್ಟರಿ. ಅಳ್ತಾಳ, ಎತ್ಕೋರಿ, ಸಮಾಧಾನ ಮಾಡಿ ಮತ್ತ ಇಡ್ರಿ. ಮೊದ್ಲ ರಾತ್ರಿ ಇಪ್ಪತ್ ಸಲ ಎತ್ತಿ ಇಡಬೇಕಾದೀತು, ಒಬ್ಬಾಕೀನ್ನ ಬಿಟ್ಟು ಬಾಗಲಾ ಹಾಕ್ಕೊಂಡ್ ಬರೋ ಅವಶ್ಯಕತಾ ಏನೂ ಇಲ್ಲ.

ಹನ್ನೊಂದರಿಂದ ಒಮ್ಮೆಲೆ ಎಂಟೂವರಿಗೆ ತರಬ್ಯಾಡ್ರಿ. ಮುಂಜಾನೆ ಏಳೋ ಹೊತ್ತು ಒಂದು ಗಟ್ಟಿ ಮಾಡ್ರಿ, ಆರೂವರಿ ಅಂದ್ರ ಆರೂವರಿ. ರಾತ್ರೀದು ಎರಡ್ ಮೂರ್ ದಿನಕ್ಕ ಹದಿನೈದ್ ನಿಮಿಷ ಹಿಂದ ಸರಸ್ರಿ. ಸಂಜಿ ಐದರ ಮ್ಯಾಲೆ ಅಜ್ಜಿ ಹತ್ರ ಮಲಗೂದು ಬ್ಯಾಡ. 4ರಿಂದ 11 ತಿಂಗಳ ಮಕ್ಕಳಿಗೆ ಹಗಲಿಂದೂ ಸೇರಿಸಿ 12ರಿಂದ 16 ತಾಸು ನಿದ್ದಿ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ, ಅದರ ಲೆಕ್ಕಾ ನೋಡ್ಕೋರಿ. ಒಂದ್ ಮಾತು, ಎಂಟು ಒಂಬತ್ ತಿಂಗಳಿಗೆ ಮಕ್ಕಳಿಗೆ ಅವ್ವ ಕಣ್ಮರಿ ಆದ್ರ ದಿಗಿಲು ಜಾಸ್ತಿ, ನೀವು ಹಗಲೆಲ್ಲಾ ಇರೂದಿಲ್ಲ, ಸಂಜಿಗೆ ಬಂದಮ್ಯಾಲೆ ಒಂದ್ ತಾಸು ಬ್ಯಾರೆ ಕೆಲಸ ಬಿಟ್ಟು ಅಕೀನ್ನ ಮಡಲಾಗ ಇಟ್ಕೋರಿ.

ರಾತ್ರಿಪೂರ್ತಿ ಜೋಲ್ಯಾಗ ಬಿಡಬ್ಯಾಡ್ರಿ, ಗದ್ದ ಎದಿಗೆ ಹತ್ತಿ ಉಸಿರು ಕಟ್ಟಬಹುದು, ಈಗ ಎದ್ದು ಕೂಡೋ ವಯಸ್ಸು ಬ್ಯಾರೆ, ಬೀಳ್ತಾಳ. ಗಟ್ಟಿ ಸಪಾಟ ಹಾಸಿಗಿ, ಅಂಗಾತ ಮಲಗಿಸೋದು, ತಲಿದಿಂಬು ಬ್ಯಾಡ. ಕೌದಿ ಕೆಳಗ ಬಿಗಿಯಾಗಿ ಹಾಸ್ರಿ, ಮ್ಯಾಲೆ ಹೊಚ್ಚಬ್ಯಾಡ್ರಿ.

ಗದಗ ಅಜ್ಜಿ:

ನನ್ನ ಮೊಮ್ಮಗ ಟೈಪ್ ಮಾಡಾಕತ್ತಾನ, ನಾ ಹೇಳಾಕತ್ತೇನಿ. ಯವ್ವಾ ತಂಗೀ, ನಮ್ಮನ್ಯಾಗ ಕಲಘಟಗಿ ತೊಟ್ಲ ಐತಿ, ಅರಗಿನ ಬಣ್ಣದ್ದು, ನಮ್ಮ ಅತ್ತಿ ಕಾಲದ್ದು, ನನ್ನ ನಾಲ್ಕೂ ಮಕ್ಕಳು ಅದರಾಗ ಮಲಗ್ಯಾವು, ಬಣ್ಣ ಇನ್ನೂ ಹಂಗ ಐತಿ. ಈಗಿನವ್ರು ಬಂದು ಅಜ್ಜೀ ನಿಮ್ಮ ಕಾಲದಾಗ ಜೋಗುಳ ಹಾಡಿದ್ರ ಮಕ್ಕಳು ಮಲಗ್ತಿದ್ವು ಅಂತಾರ. ಬರೇ ಹಾಡಿಗೆ ಮಲಗ್ತಿದ್ದಿಲ್ಲವ್ವಾ. ಹೊತ್ತು ಮುಳುಗಿದ ಒಂದ್ ತಾಸಿಗೆ ರೊಟ್ಟಿ ಉಂಡು ಮುಗಸ್ತಿದ್ವಿ, ಒಂದ್ ಕಂದೀಲು ಒಲಿ ಮುಂದ, ಇನ್ನೊಂದು ದನದ ಕಡೆ, ಉಳದದ್ದೆಲ್ಲಾ ಕತ್ತಲ. ಗಂಡಸರೂ ದನಿ ತೆಗದು ಮಾತಾಡ್ತಿದ್ದಿಲ್ಲ. ಮನಿಗೆ ಮನೀನ ಮಲಗ್ತಿತ್ತು, ಅದರ ಜೊತಿ ಕೂಸು ಮಲಗ್ತಿತ್ತು. ನೀವು ಟ್ಯೂಬ್‌ಲೈಟ್ ಹಚ್ಚಿ ಟಿವಿ ಹಚ್ಚಿ ಎಲ್ಲಾರೂ ಎದ್ದು ಕುಂತು, ಕೂಸು ಒಂದ್ ಮಲಗಲಿ ಅಂದ್ರ ಅದಕ್ಕ ಹೆಂಗ ಗೊತ್ತಾಗಬೇಕು ರಾತ್ರಿ ಆತು ಅಂತ?

ಹಾಡು ಬ್ಯಾಡ ಅನ್ನಾಕತ್ತಿಲ್ಲ ನಾನು. ದಿನಾ ಅದೇ ಒಂದ್ ಹಾಡು ಇರಲಿ, ಸಣ್ಣ ದನ್ಯಾಗ, ಸಾವಕಾಶ. ಹಾಡು ಬರಲಿಲ್ಲಂದ್ರ ಜೋ ಜೋ ಅಂತ ಹತ್ ಸಲ ಅಂದ್ರೂ ಸಾಕು, ಕೂಸಿಗೆ ಬೇಕಾಗಿದ್ದು ಅವ್ವನ ದನಿ.

ಹಾವೇರಿ ಅಪ್ಪ:

ನಾನೂ ಅಂಗಡಿಯವನೇ, ಅದಕ್ಕ ಬರ್ಯಾಕತ್ತೇನಿ. ತಂಗೀ, ನಿಮ್ಮ ಯಜಮಾನ್ರಿಗೆ ದಿನದಾಗ ಮಗಳ ಮಾರಿ ನೋಡಾಕ ಸಿಗೋದು ಅದೊಂದ್ ತಾಸು, ಅದನ್ನ ಕಸಗೊಂಡ್ರ ಅವ್ರಿಗೆ ಭಾಳ ಬ್ಯಾಸರ ಆಗ್ತೈತಿ, ನನಗ ಆಗಿತ್ತು. ನನ್ನ ಮಗ ಮೂರು ವರ್ಷದವ ಇದ್ದಾಗ ನಾ ಬರೋತನಕ ಎಚ್ಚರ ಇರ್ತಿದ್ದ, ನಾ ಮೊಬೈಲ್ ಕೈಯಾಗ ಕೊಟ್ಟು ಊಟಕ್ಕ ಕುಂದರ್ತಿದ್ದೆ. ಡಾಕ್ಟ್ರು ಎರಡ್ ಮಾತ್ ಕೇಳಿದ್ರು, ಸಂಜಿಗೆ ಚಾ ಕೊಡ್ತೀರೇನು, ಮಲಗೂಕಿಂತ ಮುಂಚೆ ಮೊಬೈಲ್ ನೋಡ್ತಾನೇನು. ಎರಡೂ ಹೌದಿತ್ತು. ಐದ್ ಗಂಟಿಗೆ ಅಜ್ಜನ ಜೊತಿ ಚಾದಾಗ ಟೋಸ್ಟ್ ಅದ್ದಿ ತಿನ್ನೋದು, ಅದರಾಗ ಚಾ ಎಷ್ಟ್ ಹೋಗ್ತಿತ್ತು ಅಂತ ನಾವ್ ಯಾರೂ ಲೆಕ್ಕಕ್ಕ ಹಿಡದಿದ್ದಿಲ್ಲ. ಚಾ ಬಿಡಿಸಿ ಹಾಲು ಕೊಟ್ವಿ, ಊಟದ ನಂತರ ಮೊಬೈಲ್ ಬಂದ್.

ಹಾಸಿಗಿಂದ ಎದ್ದ್ ಎದ್ದ್ ಬರ್ತಿದ್ದ, ನೀರು ಅಂತ, ಉಚ್ಚಿ ಅಂತ. ಅವನ ಹಾಸಿಗಿ ಬಾಜೂ ಕುರ್ಚಿ ಹಾಕ್ಕೊಂಡ ಸುಮ್ನ ಕುಂತೆ, ಮಾತಿಲ್ಲ. ಮೂರ್ ದಿನಕ್ಕೊಮ್ಮೆ ಕುರ್ಚಿ ಒಂದೊಂದ್ ಮಾರು ಬಾಗಲಾ ಕಡೆ ಸರಸಿದೆ. ಎರಡ್ ವಾರಕ್ಕ ಹೊರಗ ಬಂದೆ. ನನ್ನ ತಾಸು ನಾನು ಮುಂಜಾನೆಗೆ ಇಟ್ಕೊಂಡೆ, ಆರರಿಂದ ಏಳೂವರಿ ತನಕ ಮಗ ನನ್ನವ, ಜಳಕ ನಾನ ಮಾಡಸ್ತೇನಿ, ಸೈಕಲ್ ಮ್ಯಾಲೆ ಒಂದ್ ರೌಂಡು. ರಾತ್ರಿ ನಿದ್ದಿಗಣ್ಣಿನ ಕೂಸಿನ ಜೊತಿ ಆಡೋದಕ್ಕೂ ಇದಕ್ಕೂ ಭಾಳ ಫರಕ್ ಐತಿ.

ರಾಣೆಬೆನ್ನೂರಿನಾಕಿ:

ನಾ ಒಂದೂವರಿ ವರ್ಷದ ತನಕ ಹಾಲ್ ಕುಡಿಸಿನ ಮಲಗಿಸೇನಿ, ಏನೂ ಕೆಟ್ಟಿಲ್ಲ. ನಿಮಗ ತ್ರಾಸ ಇಲ್ಲಂದ್ರ ಬಿಡಿಸೋ ಗರಜಿಲ್ಲ, ತ್ರಾಸ ಐತಿ ಅಂತ ಕೇಳೀರಿ ಅದಕ್ಕ ಸಿಸ್ಟರ್ ಹೇಳಿದ್ದು ಬರೊಬ್ಬರಿ. ಬಾಟ್ಲಿ ಹಾಲು ಇದ್ರ ಮಾತ್ರ ಬಾಯಾಗ ಇಟ್ಟು ಮಲಗಿಸಬ್ಯಾಡ್ರಿ, ನನ್ನ ತಂಗಿ ಮಗಂದು ಮುಂದಿನ ಹಲ್ಲೆಲ್ಲಾ ಹುಳುಕಾದ್ವು. ಮತ್ತ ನಿಮಗೇನಾರ ಸುಮ್ ಸುಮ್ನ ಅಳು ಬರೋದು, ಕೂಸು ಮಲಗಿದ್ರೂ ನಿದ್ದಿ ಹತ್ತದಿರೋದು ಇದ್ರ ಅದನ್ನ ದಣಿವು ಅಂತ ತಳ್ಳಬ್ಯಾಡ್ರಿ. ನನಗ ಹಡದ ಮ್ಯಾಲೆ ಹಂಗಾಗಿತ್ತು, ಧಾರವಾಡದ ಡಿಮ್ಹಾನ್ಸ್ ಅಂದ್ರ ಸರಕಾರಿ ಮಾನಸಿಕ ಆರೋಗ್ಯದ ದವಾಖಾನಿಗೆ ಹೋಗಿ ತೋರಿಸಿದೆ. ಮನಸ್ಸಿನ ತ್ರಾಸಿಗೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡಿದ್ರ ಕನ್ನಡದಾಗ ಮಾತಾಡ್ತಾರ.

ಧಾರವಾಡ ಸಿಸ್ಟರ್:

ಒಂದು ಬರೀಲಿಕ್ಕೆ ಮರ್ತಿದ್ದೆ. ಕೂಸು ದಿನಾ ಗೊರಕಿ ಹೊಡೀತದ ಅಥವಾ ನಡು ನಡುವೆ ಉಸಿರು ನಿಂತಂಗ ಆಗ್ತದ, ಇಲ್ಲಾ ಮಲಗಿಸಿದ ಕೂಡ್ಲೇ ಕಿವಿ ಹಿಡಕೊಂಡು ಚೀರ್ತದ ಅಂದ್ರ ನಿದ್ದಿ ರೂಢಿ ಮಾಡಸ್ಲಿಕ್ಕೆ ಹೋಗಬ್ಯಾಡ್ರಿ, ಮೊದ್ಲ ತೋರಸ್ರಿ. ದೊಡ್ಡ ಮಕ್ಕಳು ರಾತ್ರಿ ಕುಂಡಿ ಕೆರಕೋತಾವ ಅಂದ್ರ ಜಂತುಹುಳ ಇರಬಹುದು. ರಕ್ತ ಕಡಿಮಿ ಇದ್ದ ಮಕ್ಕಳೂ ರಾತ್ರಿ ಕಾಲು ಒದ್ದಾಡಸ್ತಾವ.

ಉಣಕಲ್ ತಾಯಿ:

ಹನ್ನೆರಡ್ ದಿನ ಆತು, ಹೇಳಾಕ ಬಂದೇನಿ. ಗದಗ ಅಜ್ಜಿ ಹೇಳಿದ್ದನ್ನ ಮನ್ಯಾಗ ಓದಿ ಹೇಳಿದೆ, ಅತ್ತಿ ಸುಮ್ನ ಕೇಳಿದ್ರು, ಮರುದಿನ ತಾವ ಎಂಟಕ್ಕ ಟಿವಿ ಬಂದ್ ಮಾಡಿದ್ರು. ಜಾಯಿಕಾಯಿ ಮಾತು ಮತ್ತ ಬರಲಿಲ್ಲ. ಮೊದ್ಲ ಎರಡ್ ರಾತ್ರಿ ಭಾಳ ಕಠಿಣ ಆತು, ಹದಿನಾರ್ ಸಲ ಎತ್ತಿ ಇಟ್ಟೆ, ನಾನೂ ಅತ್ತೆ. ಐದನೇ ದಿನಕ್ಕ ನಾಲ್ಕ್ ಸಲ. ಈಗ ಒಂಬತ್ತೂಕಾಲಿಗೆ ಮಲಗ್ತಾಳ, ರಾತ್ರಿ ಎರಡ್ ಸಲ ಏಳ್ತಾಳ, ಒಮ್ಮೆ ಹಾಲು ಕೊಡ್ತೇನಿ, ಒಮ್ಮೆ ತಟ್ಟಿದ್ರ ಮಲಗ್ತಾಳ. ನಮ್ಮನಿಯವರು ಮುಂಜಾನೆ ಅಕೀನ್ನ ಕರಕೊಂಡು ಉಣಕಲ್ ಕೆರಿ ದಂಡಿಗೆ ಹೋಗ್ತಾರ, ಹಾವೇರಿ ಅಣ್ಣಾರಿಗೆ ಅವ್ರು ಥ್ಯಾಂಕ್ಸ್ ಹೇಳಂದ್ರು.

ಒಂದ್ ಚಿಂತಿ ಐತಿ. ಪಂಚಮಿಗೆ ತವರಿಗೆ ಹೋಗ್ಬೇಕು, ಅಲ್ಲೆ ಮನಿ ತುಂಬ ಮಂದಿ, ಜೋಕಾಲಿ, ಉಂಡಿ ಕಟ್ಟೋ ಗದ್ದಲ. ಎಲ್ಲಾ ಕೆಟ್ಟು ಹೋಗ್ತೈತೇನೋ?

ಗದಗ ಅಜ್ಜಿ:

ಕೆಟ್ರ ನಾಲ್ಕ್ ದಿನ ಕೆಡಲಿ, ವಾಪಸ್ ಬಂದು ಮತ್ತ ಹಿಡದ್ರ ಆತು. ಕೆಳಗ ಹಾಸೋ ಕೌದಿ ತೊಳೀದೆ ಹಂಗ ತಗೊಂಡ್ ಹೋಗು, ಅದಕ್ಕ ನಿಮ್ಮನಿ ವಾಸನಿ ಇರ್ತೈತಿ. ಒಳಗಿನ ಖೋಲಿ ಕೇಳಕೋ. ಹಾಡು ಹೆಂಗೂ ನಿನ್ನ ಬಾಯಾಗ ಐತಿ.