ಅಪ್‌ಡೇಟ್: ಅಮ್ಮನ ಜೊತೆ ಓಗಾಸ್ ಕ್ಯಾಂಟೀನಾಗೆ ಹೋಗಿ ಬಂದೆವು

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಒಳಗಿನ ಓಗಾಸ್ ಕ್ಯಾಂಟೀನಾ ಅನ್ನುವ ಸ್ಟಾರ್ ವಾರ್ಸ್ ಸಿನಿಮಾ ಥೀಮಿನ ಬಾರ್‌ಗೆ ಕುಡಿಯದ ಅಮ್ಮನನ್ನೂ ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಹೋಗಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಹೋಗಬಹುದು. ಮಕ್ಕಳನ್ನು ಒಳಗೆ ಬಿಡುತ್ತಾರೆ. ಮದ್ಯ ಬೇಕಿದ್ದರೆ ಮಾತ್ರ 21 ತುಂಬಿರಬೇಕು, ಐಡಿ ತೋರಿಸಬೇಕು.

ಮುಂಚೆಯೇ ಬುಕ್ ಮಾಡಿ ಅಂದವರಿಗೆ ದೊಡ್ಡ ನಮಸ್ಕಾರ. ಬಾಗಿಲಲ್ಲಿ ಸುಮ್ನೆ ಬಂದವರ ಸಾಲು ನೋಡಿಯೇ ಸುಸ್ತಾಯಿತು. ನಮಗೆ ಸಿಕ್ಕಿದ್ದು 45 ನಿಮಿಷ, ಅದೂ ನಿಂತುಕೊಳ್ಳುವ ಮೇಜು. ಅಮ್ಮನ ಮಂಡಿನೋವು ನನಗೆ ನೆನಪೇ ಇರಲಿಲ್ಲ, ತಪ್ಪು ನನ್ನದೇ.

ನಾನು ಫಜ್ಜಿ ಟಾಂಟಾನ್ ತೆಗೆದುಕೊಂಡೆ. ಪೀಚ್ ವೋಡ್ಕಾ, ಕಿತ್ತಳೆ ರಸ, ಮೇಲೆ ಬಿಳಿ ನೊರೆ. ಮಜಾ ಇರುವುದು ಆ ನೊರೆಯಲ್ಲೇ. ತುಟಿಗೆ ತಾಗಿದ್ದೇ ತಡ, ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ಹಲ್ಲುನೋವಿಗೆ ಅಗಿಯುವ ಹಳದಿ ಮೊಗ್ಗಿನ ಗಿಡ ಇದೆಯಲ್ಲ, ಅದರ ಸಾರವಂತೆ. ಅಮ್ಮ ಬೆರಳ ತುದಿಯಲ್ಲಿ ಒಂಚೂರು ನೊರೆ ನೆಕ್ಕಿ, "ಇದಕ್ಕೆ ಇಷ್ಟು ದುಡ್ಡಾ?" ಅಂದರು. ಮಗಳಿಗೆ ಬ್ಲೂ ಬಾಂತಾ, ಅಂದರೆ ನೀಲಿ ಹಾಲು, ಜೊತೆಗೊಂದು ಬಿಸ್ಕತ್ತು. ಅವಳ ನಾಲಿಗೆ ರಾತ್ರಿವರೆಗೂ ನೀಲಿ.

ಹಾಡು ಹಾಕುವವನು ರೆಕ್ಸ್ ಅನ್ನುವ ರೋಬೋ. 1987ರಲ್ಲಿ ಶುರುವಾದ ಸ್ಟಾರ್ ಟೂರ್ಸ್ ರೈಡಿನಲ್ಲಿ ಪೈಲಟ್ ಆಗಿದ್ದವನೇ ಈಗ ಇಲ್ಲಿ ಡಿಜೆ. ಇನ್ನೊಂದು ವಿಷಯ: 1955ರ ಈ ಪಾರ್ಕಿನಲ್ಲಿ ನಮ್ಮಂಥ ಸಾಮಾನ್ಯರಿಗೆ ಮದ್ಯ ಸಿಗತೊಡಗಿದ್ದೇ 2019ರಲ್ಲಿ, ಈ ಬಾರ್ ತೆರೆದಾಗ.

ಸದ್ದು ಮಾತ್ರ ತುಂಬಾ ಜಾಸ್ತಿ. ಅಮ್ಮ ಅರ್ಧ ಗಂಟೆಗೇ ಮಗಳನ್ನು ಕರೆದುಕೊಂಡು ಹೊರಗೆ ಹೋದರು. ಉಳಿದ ನೀಲಿ ಹಾಲು ನಾನೇ ಕುಡಿದೆ.