ನಾಳೆಯ ವಿದ್ಯುತ್ ದರ: ಯಾವ ಮಾದರಿಯನ್ನು ನಂಬುವುದು?

ಕುಲುಮೆ ಮಾಲೀಕ: ನಮ್ಮದು ಉಕ್ಕು ಕರಗಿಸುವ ಕಾರ್ಖಾನೆ. ಓಪನ್ ಆ್ಯಕ್ಸೆಸ್‌ನಲ್ಲಿ, ಅಂದರೆ ಎಸ್ಕಾಂ ಬಿಟ್ಟು ಬೇರೆ ಕಡೆಯಿಂದ ಕೊಳ್ಳುವ ಅನುಮತಿಯಲ್ಲಿ, ವಿದ್ಯುತ್ ವಿನಿಮಯ ಕೇಂದ್ರವಾದ ಐಇಎಕ್ಸ್‌ನಿಂದ ಮಾರನೆಯ ದಿನದ ವಿದ್ಯುತ್ ಕೊಳ್ಳುತ್ತೇವೆ. ದರದ ಅಂದಾಜಿಗೆ ಅರಿಮಾ (ಹಿಂದಿನ ದರಗಳಿಂದ ಮುಂದಿನದನ್ನು ಲೆಕ್ಕಹಾಕುವ ಸಂಖ್ಯಾಶಾಸ್ತ್ರದ ಮಾದರಿ) ಸಾಕೇ, ಅಂಕಿಗಳಿಂದ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್‌ಗೆ ಹಣ ಹಾಕಬೇಕೇ? ಅನುಭವವಿದ್ದವರು ತಿಳಿಸಿ.

ನೂಲಿನ ಗಿರಣಿ: ಹಣ ಹಾಕಿ ಕೈಸುಟ್ಟುಕೊಂಡವರು ನಾವಿದ್ದೇವೆ. ನಮಗೆ ಮಾರಿದ ನ್ಯೂರಲ್ ನೆಟ್‌ವರ್ಕ್ ಕಲಿತದ್ದು ಯೂನಿಟ್‌ಗೆ 20 ರೂಪಾಯಿ ಗರಿಷ್ಠ ಮಿತಿಯಿದ್ದ ಕಾಲದ ಅಂಕಿಗಳಿಂದ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2022ರ ಏಪ್ರಿಲ್‌ನಲ್ಲಿ ಮಿತಿಯನ್ನು 12ಕ್ಕೆ, ಮರುವರ್ಷ 10ಕ್ಕೆ ಇಳಿಸಿದರೂ ಅದು ಸಂಜೆಗೆ 14, 15 ಎನ್ನುತ್ತಲೇ ಇತ್ತು. ಹಗಲಿಗೂ ಅದೇ ರಾಗ. ಅದನ್ನು ನಂಬಿ ಬಿಡ್ ಹಾಕದೆ ಎಸ್ಕಾಂನಿಂದ ಕೊಂಡೆವು. 8 ಮೆಗಾವಾಟ್ ಎಂದರೆ ಕಾಲು ಗಂಟೆಯ ಬ್ಲಾಕ್‌ಗೆ 2,000 ಯೂನಿಟ್. ಯೂನಿಟ್‌ಗೆ 3 ರೂಪಾಯಿ ಹೆಚ್ಚು ತೆತ್ತರೆ ಗಂಟೆಗೆ 24,000! ಈಗ 96 ಬ್ಲಾಕ್‌ಗಳಿಗೂ ಬೇರೆ ಬೇರೆ ರಿಗ್ರೆಷನ್ (ದರವನ್ನು ಹಲವು ಅಂಶಗಳಿಗೆ ಜೋಡಿಸುವ ಸಮೀಕರಣ), ಅಂಶಗಳನ್ನು ಆರಿಸಲು ಲ್ಯಾಸೊ ಎಂಬ ವಿಧಾನ. ನಾನೇ ಕಟ್ಟಿದ್ದು, ಖರ್ಚಿಲ್ಲ.

ಲೈಪ್‌ಜಿಗ್ ವಾಸಿ: ಮಾದರಿಗೆ ಕೊಡುವ ಮೊದಲು ದರದ ಲಾಗ್ (ಲಾಗರಿದಮ್) ತೆಗೆಯುತ್ತೀರಾ? ಜರ್ಮನಿಯಲ್ಲಿ ಬಿಸಿಲು, ಗಾಳಿ ಜೋರಾದ ಭಾನುವಾರಗಳಲ್ಲಿ ದರ ಸೊನ್ನೆಗಿಂತ ಕೆಳಗಿಳಿಯುತ್ತದೆ. ತಳಮಿತಿಯೇ ಮೆಗಾವಾಟ್-ಗಂಟೆಗೆ ಮೈನಸ್ 500 ಯೂರೋ. ಮೈನಸ್ ಸಂಖ್ಯೆಗೆ ಲಾಗ್ ಇಲ್ಲ; ಅದನ್ನು ಬಿಟ್ಟು, ಮೈನಸ್‌ಗೂ ನಡೆಯುವ ಹೈಪರ್ಬಾಲಿಕ್ ಸೈನ್‌ನ ವಿಲೋಮಕ್ಕೆ ಹೋದ ಮೇಲೆಯೇ ನನಗೆ ನೆಮ್ಮದಿ.

ನೂಲಿನ ಗಿರಣಿ: ಇಲ್ಲಿ ಮೈನಸ್ ದರವೇ ಇಲ್ಲ ಸ್ವಾಮಿ. ಜರ್ಮನಿಯ ಕಷ್ಟ ಜರ್ಮನಿಗಿರಲಿ.

ಲೈಪ್‌ಜಿಗ್ ವಾಸಿ: ಸೊನ್ನೆಯ ಹತ್ತಿರವಂತೂ ಬರುತ್ತದಲ್ಲ? ಮಧ್ಯಾಹ್ನ 10 ಪೈಸೆ ಇದ್ದಾಗ 30 ಎಂದರೆ ದೋಷ ಶೇಕಡಾ 200, ನಷ್ಟ 20 ಪೈಸೆ. ನೀವು ಯಾವ ಅಳತೆಯಲ್ಲಿ ಗೆದ್ದಿರಿ ಎಂದು ಹೇಳಲೇ ಇಲ್ಲ.

ನೂಲಿನ ಗಿರಣಿ: ಬಿಲ್ಲಿನಲ್ಲಿ ಗೆದ್ದೆ. ಸಾಕೇ?

ಹಳೆಯ ಟ್ರೇಡರ್: ಇಬ್ಬರೂ ದರದ ಬೆನ್ನು ಹತ್ತಿದ್ದೀರಿ. ಬೇಸಿಗೆಯ ಸಂಜೆ ದರ 10ಕ್ಕೆ ಅಂಟಿರುವಾಗ ಅದನ್ನು ಹೇಳಲು ಪಂಡಿತರು ಬೇಕಿಲ್ಲ. ಮಿತಿ ತಾಗಿದರೆ ಕೇಳಿದವರಿಗೆಲ್ಲ ಕಡಿತ ಮಾಡಿ ಪಾಲು ಹಂಚುತ್ತಾರೆ. 8 ಕೇಳಿದವರಿಗೆ 3 ಬಂದರೆ, ಉಳಿದ 5 ಮೆಗಾವಾಟ್ ಎಲ್ಲಿಂದ ತರುತ್ತೀರಿ? ನಾನು ಊಹಿಸುವುದು ಆ ಪಾಲನ್ನು. ಕೊಳ್ಳುವ ಬಿಡ್‌ಗಳಿಗೂ ಮಾರುವ ಬಿಡ್‌ಗಳಿಗೂ ಹಿಂದಿನ ದಿನ ಇದ್ದ ಅನುಪಾತ, ಜೊತೆಗೆ ಉಷ್ಣಾಂಶ. ಅಷ್ಟರಲ್ಲೇ ಬಹುಪಾಲು ಕೆಲಸ ಮುಗಿಯುತ್ತದೆ.

ನೂಲಿನ ಗಿರಣಿ: ಮಿತಿ ಇದ್ದುದರಿಂದ ನಮ್ಮಂಥವರು ಬದುಕಿದೆವು. ಟ್ರೇಡರ್‌ಗಳಿಗೆ ಹಳೆಯ 20 ರೂಪಾಯಿಯೇ ಸಿಹಿ.

ಹಳೆಯ ಟ್ರೇಡರ್: ಯೂನಿಟ್‌ಗೆ 12 ರೂಪಾಯಿ ಖರ್ಚು ಬೀಳುವ ಆಮದು ಅನಿಲದ ಸ್ಥಾವರ 10ಕ್ಕೆ ಏಕೆ ಮಾರಬೇಕು? ಅಂಥವರಿಗೆಂದೇ 2023ರಲ್ಲಿ 50 ರೂಪಾಯಿ ಮಿತಿಯ ಬೇರೆ ಮಾರುಕಟ್ಟೆ ತೆರೆದರು.

ನೂಲಿನ ಗಿರಣಿ: ಅಲ್ಲಿ ಕೊಂಡು ನೂಲು ತೆಗೆದು ತೋರಿಸಿ, ಆಮೇಲೆ ಮಾತನಾಡೋಣ.